ಔಷಧಿ ಹೊಡೆಯುವವರ ರಕ್ಷಣಾ ಕಿಟ್: ಒಂದು ಮಳೆಗಾಲದ ಬಳಕೆಯ ನಂತರ

ಕಳೆದ ಏಪ್ರಿಲ್ ತಿಂಗಳಿನಲ್ಲಿ ಶಿವಮೊಗ್ಗದ ಕೃಷಿ ಪರಿಕರಗಳ ಅಂಗಡಿಯೊಂದರಲ್ಲಿ ತಲಾ 2,150 ರೂಪಾಯಿ ಕೊಟ್ಟು ಎರಡು ರಕ್ಷಣಾ ಕಿಟ್‌ಗಳನ್ನು ಕೊಂಡೆ. ಒಂದು ನನಗೆ, ಇನ್ನೊಂದು ಆರು ವರ್ಷಗಳಿಂದ ನಮ್ಮಲ್ಲಿ ಔಷಧಿ ಹೊಡೆಯುವ ಕೆಲಸಕ್ಕೆ ಬರುತ್ತಿರುವ ಯುವಕನಿಗೆ. ಪೆಟ್ಟಿಗೆಯೊಳಗೆ ಗಾಳಿ ಸೋಸುವ ಎರಡು ಕಾರ್ಟ್ರಿಡ್ಜ್‌ಗಳಿರುವ ಅರ್ಧಮುಖದ ಮಾಸ್ಕ್, ಒಂದು ಜೊತೆ ಕೈಗವಸು, ಕಣ್ಣಿಗೆ ಕನ್ನಡಕ, ಮುಂದಿನಿಂದ ಕಟ್ಟಿಕೊಳ್ಳುವ ಏಪ್ರನ್, ತಲೆಗೆ ಟೊಪ್ಪಿ ಮತ್ತು ಒಂದು ಸಣ್ಣ ಕೈಪಿಡಿ ಇದ್ದವು. ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ನಮ್ಮ ಎರಡು ಎಕರೆ ಅಡಿಕೆ, ಒಂದೂವರೆ ಎಕರೆ ಭತ್ತ ಮತ್ತು ಅರ್ಧ ಎಕರೆ ಶುಂಠಿಯಲ್ಲಿ ಅಕ್ಟೋಬರ್‌ವರೆಗೆ ಒಟ್ಟು ಹತ್ತೊಂಬತ್ತು ಬಾರಿ ಇವನ್ನು ಧರಿಸಿ ಕೆಲಸ ಮಾಡಿದ್ದೇವೆ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಪೇಟೆಯಲ್ಲಿ ಈ ಬೆಲೆಗೆ ನಾನು ನೋಡಿದ ಕಿಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು, ನಾನು ಹೇಳಬೇಕಾದ ಮಾತು ಆ ಅಚ್ಚಿನ ಕುರಿತದ್ದು.

ಯಾವ ಅಳತೆಗೋಲಿನಿಂದ ಈ ಕಿಟ್ಟನ್ನು ಅಳೆದೆ ಎಂಬುದನ್ನು ಮೊದಲೇ ಹೇಳಬೇಕು. ನನ್ನ ಅಣ್ಣಯ್ಯನಿಗೆ ಈಗ ಅರವತ್ತಾರು ವರ್ಷ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿಕೊಂಡಿದ್ದ ಅಷ್ಟೂ ವರ್ಷ ಮನೆಯ ಜಮೀನನ್ನು ನೋಡಿಕೊಂಡವರು ಅವರು. ಶುಂಠಿಗೆ, ಭತ್ತಕ್ಕೆ, ಕಳೆಗೆ ಮೂವತ್ತು ವರ್ಷ ಬರಿಗೈಯಲ್ಲಿ ಔಷಧಿ ಕಲಸಿ, ಬೆನ್ನಿಗೆ ಪಂಪು ಏರಿಸಿ ಹೊಡೆದವರು. ಮೂರು ವರ್ಷಗಳ ಹಿಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅವರಿಗೆ ಪಾರ್ಕಿನ್ಸನ್ ಕಾಯಿಲೆ (ಕೈ ನಡುಗಿ, ಮೈ ಬಿಗಿಯುವ ಮಿದುಳಿನ ಕಾಯಿಲೆ) ಇರುವುದು ಖಚಿತವಾಯಿತು. ಅದಕ್ಕೂ ಏಳೆಂಟು ವರ್ಷ ಮೊದಲೇ, ಜಗಲಿಯಲ್ಲಿ ಹಲಸಿನ ಹಣ್ಣು ಬಿಡಿಸಿದರೂ ವಾಸನೆಯೇ ಬರುತ್ತಿಲ್ಲ ಎಂದು ಅವರು ಹೇಳುತ್ತಿದ್ದರು. ರಾತ್ರಿ ಕನಸಿನಲ್ಲಿ ಕೈಕಾಲು ಬೀಸಿ ಕೂಗುತ್ತಿದ್ದರು. ಘ್ರಾಣಶಕ್ತಿ ಕುಂದುವುದು, ಮಲಬದ್ಧತೆ, ಕನಸಿನಲ್ಲಿ ಬಡಿದಾಡುವುದು ಇವೆಲ್ಲ ಈ ಕಾಯಿಲೆಯ ಮುಂಚಿನ ಗುರುತುಗಳಾಗಿರಬಹುದು ಎಂಬುದನ್ನು, ಕೈ ನಡುಗಲು ಆರಂಭಿಸುವ ಹೊತ್ತಿಗೆ ನಡುಮಿದುಳಿನಲ್ಲಿ ಡೋಪಮೈನ್ (ಮೈಯ ಚಲನೆಯನ್ನು ಹತೋಟಿಯಲ್ಲಿಡುವ ರಾಸಾಯನಿಕ) ತಯಾರಿಸುವ ಕೋಶಗಳಲ್ಲಿ ಅರ್ಧದಷ್ಟು ಸತ್ತುಹೋಗಿರುತ್ತವೆ ಎಂಬುದನ್ನು ನಾವು ಆಮೇಲೆ ತಿಳಿದುಕೊಂಡೆವು.

ಅಣ್ಣಯ್ಯನ ಕಾಯಿಲೆಗೆ ಬೆಳೆಗೆ ಹೊಡೆದ ಔಷಧಿಯೇ ಕಾರಣವೆಂದು ಯಾವ ವೈದ್ಯರೂ ಹೇಳಲಿಲ್ಲ, ಹೇಳಲು ಬರುವುದೂ ಇಲ್ಲ. ಒಬ್ಬ ರೋಗಿಯನ್ನು ಮುಂದೆ ಕೂರಿಸಿಕೊಂಡು ಇದು ವಯಸ್ಸಿನಿಂದ ಬಂತು, ಇದು ವಂಶದಿಂದ, ಇದು ವಿಷದಿಂದ ಎಂದು ಬೇರ್ಪಡಿಸುವ ಪರೀಕ್ಷೆ ಇಲ್ಲ. ಆದರೆ ಒಬ್ಬರ ವಿಷಯದಲ್ಲಿ ಹೇಳಲಾಗದ್ದನ್ನು ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದಾಗ ಹೇಳಬಹುದು. ಅಮೆರಿಕದ ಅಯೋವಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳಲ್ಲಿ ಔಷಧಿ ಹೊಡೆಯಲು ಪರವಾನಗಿ ಪಡೆದ 50,000ಕ್ಕೂ ಹೆಚ್ಚು ಜನರನ್ನು 1993ರಿಂದ ಗಮನಿಸುತ್ತ ಬಂದಿರುವ ಬೃಹತ್ ಅಧ್ಯಯನವೊಂದಿದೆ. ಅದರೊಳಗಿನಿಂದಲೇ ಪಾರ್ಕಿನ್ಸನ್ ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿ 2011ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಪ್ಯಾರಾಕ್ವಾಟ್ ಎಂಬ ಕಳೆನಾಶಕ ಅಥವಾ ರೋಟಿನೋನ್ ಎಂಬ ಕೀಟನಾಶಕ ಬಳಸಿದವರಲ್ಲಿ ಕಾಯಿಲೆಯ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು. ಫ್ರಾನ್ಸ್ ದೇಶವು 2012ರಲ್ಲಿ ಕೀಟನಾಶಕಗಳೊಂದಿಗೆ ಕೆಲಸ ಮಾಡಿದ ಕೃಷಿಕರ ಪಾರ್ಕಿನ್ಸನ್ ಕಾಯಿಲೆಯನ್ನು ವೃತ್ತಿಜನ್ಯ ರೋಗವೆಂದೇ ಒಪ್ಪಿಕೊಂಡಿತು. ಆದ್ದರಿಂದ ನನಗೆ ಬೇಕಾಗಿದ್ದುದು ಔಷಧಿ ಹೊಡೆದ ಸಂಜೆಯ ತಲೆಸುತ್ತು, ವಾಂತಿಯಿಂದಷ್ಟೇ ಕಾಯುವ ಕಿಟ್ ಅಲ್ಲ. ಇಪ್ಪತ್ತು ವರ್ಷ ತೊಟ್ಟುತೊಟ್ಟಾಗಿ ಮೈಸೇರುವುದನ್ನು ತಡೆಯುವ ಕಿಟ್.

ಪ್ಯಾರಾಕ್ವಾಟ್‌ನ ಮೇಲೆ ಸಂಶೋಧಕರ ಕಣ್ಣು ಬಿದ್ದದ್ದು ಗದ್ದೆಯಿಂದ ಅಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಕದ್ದುಮುಚ್ಚಿ ತಯಾರಿಸಿದ ಮಾದಕದ್ರವ್ಯವನ್ನು ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ವಯಸ್ಸಾದ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿಹೋದರು. ಆ ದ್ರವ್ಯದಲ್ಲಿ ಎಂಪಿಟಿಪಿ ಎಂಬ ಕಲ್ಮಶ ಸೇರಿತ್ತು. ಅದು ಮಿದುಳಿನಲ್ಲಿ ಮಾರ್ಪಟ್ಟು ಡೋಪಮೈನ್ ಕೋಶಗಳನ್ನು ಹೊಕ್ಕು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಕೆಲಸವನ್ನು ನಿಲ್ಲಿಸುತ್ತಿತ್ತು. ಹಾಗೆ ಮಾರ್ಪಟ್ಟ ಅಣುವಿನ ರಚನೆಯು ಪೇಟೆಯಲ್ಲಿ ಸಿಗುವ ಪ್ಯಾರಾಕ್ವಾಟ್‌ನ ರಚನೆಯನ್ನು ಬಹುವಾಗಿ ಹೋಲುತ್ತದೆ. ಪ್ಯಾರಾಕ್ವಾಟ್ ಕೋಶವನ್ನು ಕೆಡಿಸುವ ದಾರಿ ಸ್ವಲ್ಪ ಬೇರೆ, ಅದು ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸಿ ಕೋಶವನ್ನು ಒಳಗಿನಿಂದ ಸುಡುತ್ತದೆ. ಆದರೆ ಮೊದಲು ಸಾಯುವ ಕೋಶಗಳ ಪಟ್ಟಿಯಲ್ಲಿ ಡೋಪಮೈನ್ ಕೋಶಗಳೇ ಇರುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ರೋಟಿನೋನ್ ಅಂತೂ ಗಿಡದ ಬೇರಿನಿಂದ ತೆಗೆಯುವ ವಿಷ. 2000ನೇ ಇಸವಿಯಲ್ಲಿ ಅದನ್ನು ಸ್ವಲ್ಪಸ್ವಲ್ಪವಾಗಿ ಕೊಟ್ಟ ಇಲಿಗಳಲ್ಲಿ ಪಾರ್ಕಿನ್ಸನ್‌ನ ಲಕ್ಷಣಗಳೇ ಮೂಡಿದವು. ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂದು ನಂಬುವ ಗೆಳೆಯರಿಗೆ ನಾನು ಇದನ್ನು ಪ್ರತಿ ಸಲವೂ ಹೇಳುತ್ತೇನೆ.

ಇನ್ನು ಕಿಟ್ಟಿನ ಒಂದೊಂದೇ ವಸ್ತುವಿಗೆ ಬರುತ್ತೇನೆ. ಮಾಸ್ಕ್ ಇದರಲ್ಲಿ ಅತ್ಯುತ್ತಮವಾದದ್ದು. ರಬ್ಬರಿನ ಅಂಚು ಮೂಗು ಮತ್ತು ಗಲ್ಲಕ್ಕೆ ಸರಿಯಾಗಿ ಕೂರುತ್ತದೆ, ಎರಡು ಪಟ್ಟಿಗಳಿರುವುದರಿಂದ ಬಗ್ಗಿದರೂ ಜಾರುವುದಿಲ್ಲ, ಒಳಗಿರುವ ಇದ್ದಿಲು ಔಷಧಿಯ ಘಾಟನ್ನು ಪೂರ್ತಿಯಾಗಿ ಹಿಡಿಯುತ್ತದೆ. ಗಡ್ಡ ಬಿಟ್ಟವರಿಗೆ ಇದು ಪ್ರಯೋಜನಕ್ಕೆ ಬಾರದು. ಅಂಚಿಗೂ ಚರ್ಮಕ್ಕೂ ನಡುವೆ ಕೂದಲು ಬಂದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ನಲವತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಾಕಿಕೊಂಡಿರುವುದು ಕಷ್ಟ, ಆರಿದ್ರಾ ಮಳೆ ಹಿಡಿದ ಮೇಲೆ ಆ ಕಷ್ಟ ಇರಲಿಲ್ಲ. ಕಾರ್ಟ್ರಿಡ್ಜ್‌ನ ವಿಷಯದಲ್ಲಿ ಮಾತ್ರ ಒಂದು ದೊಡ್ಡ ಕೊರತೆ ಇದೆ. ಪೊಟ್ಟಣ ಒಡೆದ ಕ್ಷಣದಿಂದ ಅದರೊಳಗಿನ ಇದ್ದಿಲು ಗಾಳಿಯಲ್ಲಿರುವುದನ್ನೆಲ್ಲ ಹೀರಿಕೊಳ್ಳುತ್ತಲೇ ಇರುತ್ತದೆ, ನಮ್ಮ ಮಲೆನಾಡಿನ ಮಳೆಗಾಲದ ತೇವವನ್ನು ಕೂಡ. ಆದ್ದರಿಂದ ಕೆಲಸ ಮುಗಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಈ ಮಾತು ಕೈಪಿಡಿಯ ಕನ್ನಡ ಪುಟದಲ್ಲಿ ಇಲ್ಲ. ಮೊದಲ ಜೊತೆಯನ್ನು ಕೊಟ್ಟಿಗೆಯ ಗಳಕ್ಕೆ ನೇತುಹಾಕಿ ಒಂದೇ ತಿಂಗಳಲ್ಲಿ ಹಾಳುಮಾಡಿಕೊಂಡೆವು.

ಆದರೆ ಮಾಸ್ಕಿನ ಮೇಲೆ ಖರ್ಚು ಮಾಡಿದ ಹಣ ಮತ್ತು ಗಮನವನ್ನು ತಯಾರಕರು ಕೈಗವಸಿನ ಮೇಲೆ ಮಾಡಿಲ್ಲ ಎಂಬುದು ನನ್ನ ಮುಖ್ಯ ದೂರು. ಬಯಲಿನಲ್ಲಿ ಔಷಧಿ ಹೊಡೆಯುವವನ ಮೈಗೆ ವಿಷ ಸೇರುವುದು ಹೆಚ್ಚಾಗಿ ಮೂಗಿನಿಂದ ಅಲ್ಲ, ಚರ್ಮದಿಂದ, ಅದರಲ್ಲೂ ಕೈಗಳಿಂದ. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದ 20 ಇ.ಸಿ. (ನೀರಿಗೆ ಬೆರೆಸುವ ಗಟ್ಟಿ ದ್ರಾವಣ) ಬಾಟಲಿಯಲ್ಲಿ ಇರುವುದು ನೂರಕ್ಕೆ 20 ಭಾಗ ವಿಷ. ಲೀಟರ್ ನೀರಿಗೆ 2 ಮಿ.ಲೀ. ಬೆರೆಸಿದ ಮೇಲೆ ಅದು ನೂರಕ್ಕೆ 0.04 ಭಾಗಕ್ಕೆ ಇಳಿಯುತ್ತದೆ. ಅಂದರೆ ಮುಚ್ಚಳ ತೆಗೆದು ಅಳೆಯುವಾಗ ಬೆರಳಿಗೆ ತಾಗುವ ಒಂದು ಹನಿಯಲ್ಲಿ, ಗದ್ದೆಯಲ್ಲಿ ಮೈಮೇಲೆ ಬೀಳುವ ಐನೂರು ಹನಿಗಳಷ್ಟು ವಿಷವಿದೆ. ಹೀಗಿರುವಾಗ ಈ ಕಿಟ್ಟಿನ ಕೈಗವಸು ತೆಳ್ಳನೆಯ ರಬ್ಬರಿನದು, ಮಣಿಕಟ್ಟಿಗೇ ನಿಲ್ಲುವಂಥದ್ದು, ಒಳಗೆ ಬೆವರು ಹೀರಲೆಂದು ಬಟ್ಟೆಯ ಪದರ ಹಾಕಿದಂಥದ್ದು. ಆ ಬಟ್ಟೆಯೇ ಅಪಾಯ. ಒಮ್ಮೆ ಔಷಧಿ ಒಳಗೆ ಇಳಿದರೆ ಅದು ಒದ್ದೆ ಬಟ್ಟೆಯಾಗಿ ದಿನವಿಡೀ ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಬರಿಗೈಯನ್ನಾದರೂ ತೊಳೆಯಬಹುದು, ಅದನ್ನು ತೊಳೆಯಲಾಗುವುದಿಲ್ಲ. ನನ್ನ ಕೈಗವಸು ಎರಡನೆಯ ಬಳಕೆಯಲ್ಲೇ ಹೆಬ್ಬೆರಳಿನ ಸಂದಿಯಲ್ಲಿ ಹರಿಯಿತು.

ಅದೇ ಅಯೋವಾ ಮತ್ತು ನಾರ್ತ್ ಕೆರೊಲಿನಾದ ಕೃಷಿಕರನ್ನು ಕುರಿತು 2015ರಲ್ಲಿ ಇನ್ನೊಂದು ವಿಶ್ಲೇಷಣೆ ಪ್ರಕಟವಾಯಿತು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಉಪಯುಕ್ತವಾದದ್ದು ಅದು. ಪ್ಯಾರಾಕ್ವಾಟ್ ಮತ್ತು ಪರ್ಮೆಥ್ರಿನ್ ಎಂಬ ಕೀಟನಾಶಕ ಬಳಸಿಯೂ ಸರಿಯಾದ ಕೈಗವಸು ಹಾಕುವ ರೂಢಿ ಇಟ್ಟುಕೊಂಡವರಲ್ಲಿ ಪಾರ್ಕಿನ್ಸನ್‌ಗೂ ಆ ವಿಷಗಳಿಗೂ ಸಂಬಂಧ ಕಾಣಲಿಲ್ಲ. ಹಾಕದವರಲ್ಲಿ ಕಾಯಿಲೆಯ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ಒಂದೇ ವಿಷ, ಒಂದೇ ಹೊಲದ ಕೆಲಸ, ನಡುವೆ ಇದ್ದದ್ದು ಕೈಗವಸು. ಇದನ್ನು ಓದಿದ ರಾತ್ರಿ ಅಣ್ಣಯ್ಯನ ಕೈಗಳನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ. ಮರುದಿನವೇ ಪೇಟೆಗೆ ಹೋಗಿ, ಮೊಣಕೈ ಹತ್ತಿರದವರೆಗೆ ಬರುವ, ಒಳಪದರವಿಲ್ಲದ ನೈಟ್ರೈಲ್ ಕೈಗವಸುಗಳನ್ನು ಒಂದು ಜೊತೆಗೆ 180 ರೂಪಾಯಿಯಂತೆ ಬೇರೆಯಾಗಿ ತಂದೆ. ಹಂಗಾಮಿನ ಉಳಿದ ಕೆಲಸವೆಲ್ಲ ಅವುಗಳಲ್ಲೇ ನಡೆಯಿತು. ಮೇಲ್ಮುಖವಾಗಿ ಹೊಡೆಯುವಾಗ ಅಂಚನ್ನು ಹೊರಕ್ಕೆ ಮಡಚಿಕೊಂಡರೆ ಹನಿ ಮೊಣಕೈಗೆ ಇಳಿಯದೆ ಮಡಿಕೆಯಲ್ಲೇ ನಿಲ್ಲುತ್ತದೆ; ಬಿಚ್ಚುವ ಮೊದಲು ಕೈಗವಸಿನ ಮೇಲೆಯೇ ಸೋಪು ಹಾಕಿ ತೊಳೆಯಬೇಕು.

ನಮ್ಮ ಯುವಕನ ಆಕ್ಷೇಪವೂ ನ್ಯಾಯವಾದದ್ದೇ. "ಮೇಷ್ಟ್ರೇ, ಇದನ್ನ ಹಾಕ್ಕಂಡ್ರೆ ನಾಜಲ್ ಬಿಚ್ಚಕ್ಕೆ ಆಗಲ್ಲ" ಎಂದು ಆತ ಮೊದಲ ದಿನವೇ ಹೇಳಿದ. ಪಂಪಿನ ನಾಜಲ್ ಗಂಟೆಗೆ ಒಮ್ಮೆಯಾದರೂ ಕಟ್ಟಿಕೊಳ್ಳುತ್ತದೆ, ಆಗ ನಮ್ಮ ಕಡೆ ಎಲ್ಲರೂ ಮಾಡುವುದು ಒಂದೇ ಕೆಲಸ: ಬರಿಗೈಯಲ್ಲಿ ಬಿಚ್ಚಿ, ತುಟಿಗೆ ಇಟ್ಟು ಊದುವುದು. ಎರಡು ಸಾವಿರ ರೂಪಾಯಿಯ ಪೆಟ್ಟಿಗೆಯಲ್ಲಿ ನಾಜಲ್ ಉಜ್ಜಲು ಒಂದು ಚಿಕ್ಕ ಬ್ರಷ್ ಇಟ್ಟಿದ್ದರೆ ಮಾಸ್ಕಿನಷ್ಟೇ ಉಪಕಾರವಾಗುತ್ತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷೊಂದನ್ನು ಪಂಪಿನ ಪಟ್ಟಿಗೆ ಕಟ್ಟಿದೆವು, ಬದಲಿ ನಾಜಲ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡೆವು.

ಏಪ್ರನ್ ಮುಂದಿನ ಭಾಗವನ್ನು ಚೆನ್ನಾಗಿ ಮುಚ್ಚುತ್ತದೆ, ಶುಂಠಿ ಸಾಲಿನಲ್ಲಿ ನಡೆಯುವಾಗ ಮೊಣಕಾಲು ಒದ್ದೆಯಾಗುವುದಿಲ್ಲ. ಆದರೆ ಪಂಪು ಇರುವುದು ಬೆನ್ನಿನ ಮೇಲೆ. ಮುಚ್ಚಳದ ವಾಷರ್ ಸವೆದ ಯಾವ ಪಂಪಾದರೂ ಬಗ್ಗಿದಾಗಲೆಲ್ಲ ಬೆನ್ನಿಗೆ ಸುರಿಯುತ್ತದೆ, ಅದು ಇಳಿದು ಸೊಂಟಕ್ಕೆ, ತೊಡೆಸಂದಿಗೆ ಬರುತ್ತದೆ. ಚರ್ಮವೆಲ್ಲ ಒಂದೇ ರೀತಿ ಹೀರುವುದಿಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಸ್ವಯಂಸೇವಕರ ಚರ್ಮಕ್ಕೆ ಸವರಿ ಅಳೆದ, 1971ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮುಂಗೈ ಹೀರಿದ್ದಕ್ಕಿಂತ ಹಣೆ ಸುಮಾರು ನಾಲ್ಕು ಪಟ್ಟು, ವೃಷಣದ ಚರ್ಮ ಸುಮಾರು ಹನ್ನೆರಡು ಪಟ್ಟು ಹೆಚ್ಚು ಹೀರಿತ್ತು. ಈ ಲೆಕ್ಕವನ್ನು ಇಟ್ಟುಕೊಂಡು ನೋಡಿದರೆ ಎದೆಯನ್ನು ಮುಚ್ಚಿ ಬೆನ್ನನ್ನು ಬಿಟ್ಟ ಏಪ್ರನ್ ಬೆನ್ನಿನ ಪಂಪು ಹೊರುವವರಿಗಾಗಿ ಹೊಲಿದದ್ದಲ್ಲ ಎಂದೇ ಹೇಳಬೇಕಾಗುತ್ತದೆ. ನಾವು ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕಂಬಳಿ ಕೊಪ್ಪೆಯಂತೆ ಮಡಚಿ ಬೆನ್ನಿಗೆ ಹಾಕಿ, ಅದರ ಮೇಲೆ ಪಂಪು ಏರಿಸಿದೆವು. ಹದಿನೆಂಟು ರೂಪಾಯಿಯ ವಾಷರ್ ಬದಲಾಯಿಸಿದ್ದು ಅದಕ್ಕಿಂತಲೂ ಹೆಚ್ಚು ಕೆಲಸಕ್ಕೆ ಬಂತು.

ಕನ್ನಡಕ ಮಂಜುಗಟ್ಟುತ್ತದೆ. ಟೊಪ್ಪಿ ಸಾಧಾರಣ.

ಅಡಿಕೆ ತೋಟಕ್ಕೆ ಈ ಕಿಟ್ ಎಷ್ಟು ಬೇಕು ಎಂದು ಕೇಳುವವರಿಗೆ ಒಂದು ಮಾತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದ್ದು, 100 ಲೀಟರ್ ನೀರಿಗೆ ತಲಾ ಒಂದು ಕಿಲೋ. ಅದು ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ, ಆದರೆ ಇಲ್ಲಿ ನಾನು ಹೇಳುತ್ತಿರುವ ವಿಷಗಳ ಗುಂಪಿಗೆ ಸೇರಿದ್ದಲ್ಲ. ಮರ ಏರುವ ಕೊನೆಗಾರರು ಈ ಮಾಸ್ಕನ್ನು ಒಪ್ಪುವುದಿಲ್ಲ, ಒಪ್ಪಿಸುವುದು ಸರಿಯೂ ಅಲ್ಲ. ಕನ್ನಡಕ ಮಂಜುಗಟ್ಟಿ ಕಣ್ಣು ಕಾಣದೆ ಮರದ ತುದಿಯಲ್ಲಿ ಇರುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ನೆಲದಲ್ಲೇ ನಿಂತು ದೋಟಿಯಲ್ಲಿ ಹೊಡೆಯುವವರಿಗೆ ಟೊಪ್ಪಿ ಮತ್ತು ಕೈಗವಸು ಉಪಯೋಗಕ್ಕೆ ಬರುತ್ತವೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ನಮ್ಮ ತಾಲ್ಲೂಕನ್ನೂ ಹೊಸನಗರದ ಕಡೆಯನ್ನೂ ಹಿಡಿದ ಮೇಲೆ ತೋಟಕ್ಕೆ ಬೇರೆ ಶಿಲೀಂಧ್ರನಾಶಕಗಳು ಬಂದಿವೆ, ಅವುಗಳಲ್ಲಿ ಮ್ಯಾಂಕೋಜೆಬ್ ಒಂದು.

ಮ್ಯಾಂಕೋಜೆಬ್‌ನ ಮಾತು ಬಂದದ್ದರಿಂದ ಕೈಪಿಡಿಗೆ ಬರುತ್ತೇನೆ. ಹದಿನಾರು ಪುಟಗಳಲ್ಲಿ ಕನ್ನಡಕ್ಕೆ ಸಿಕ್ಕಿರುವುದು ಒಂದೇ ಪುಟ, ಅದರಲ್ಲಿಯೂ ಅರ್ಧ ಭಾಗ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣಗಳ ವಿವರಣೆ: ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರು ಇದ್ದರೆ ಕೈಗವಸು ಸಾಕು, ಮಾಸ್ಕ್ ಬೇಡ ಎಂದೂ ಅದು ಹೇಳುತ್ತದೆ. ಈ ಬಣ್ಣಗಳು ಹೇಳುವುದು ಒಮ್ಮೆಗೆ ಎಷ್ಟು ಹೊಟ್ಟೆಗೆ ಹೋದರೆ ಅಥವಾ ಚರ್ಮಕ್ಕೆ ತಾಗಿದರೆ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧ ಸಾಯುತ್ತವೆ ಎಂಬ ಲೆಕ್ಕವನ್ನು ಮಾತ್ರ. ಇಪ್ಪತ್ತು ವರ್ಷಗಳ ಬಳಕೆ ಮಿದುಳಿಗೆ ಏನು ಮಾಡುತ್ತದೆ ಎಂಬುದು ಆ ತ್ರಿಕೋನದೊಳಗೆ ಇಲ್ಲವೇ ಇಲ್ಲ. ಮ್ಯಾಂಕೋಜೆಬ್ ಪೊಟ್ಟಣದ ಮೇಲೆ ಇರುವುದು ಹಸಿರು. ಆದರೆ ಅದರ ಅಣುವಿನಲ್ಲಿ ಮ್ಯಾಂಗನೀಸ್ ಇದೆ, ಮ್ಯಾಂಗನೀಸ್ ಧೂಳನ್ನು ವರ್ಷಗಟ್ಟಲೆ ಉಸಿರಿನಲ್ಲಿ ಎಳೆದುಕೊಂಡ ಗಣಿ ಕಾರ್ಮಿಕರಲ್ಲಿ ಪಾರ್ಕಿನ್ಸನ್ ಹೋಲುವ ಕಾಯಿಲೆ ಬರುವುದು ಹಳೆಯ ಕಾಲದಿಂದಲೂ ಗೊತ್ತಿರುವ ಸಂಗತಿ. ಮ್ಯಾಂಕೋಜೆಬ್‌ನ ಹತ್ತಿರದ ಬಂಧುವಾದ ಮ್ಯಾನೆಬ್ ಮತ್ತು ಪ್ಯಾರಾಕ್ವಾಟ್ ಎರಡನ್ನೂ ಮನೆಯಿಂದ 500 ಮೀಟರ್ ಒಳಗಿನ ಹೊಲಗಳಲ್ಲಿ ಹೊಡೆಯುತ್ತಿದ್ದ ಕಡೆ ವಾಸವಾಗಿದ್ದವರಲ್ಲಿ ಪಾರ್ಕಿನ್ಸನ್ ಸಂಭವ ನೂರಕ್ಕೆ 75ರಷ್ಟು ಹೆಚ್ಚಿತ್ತೆಂದು ಕ್ಯಾಲಿಫೋರ್ನಿಯಾದ ಕಣಿವೆಯೊಂದರ ಅಧ್ಯಯನ 2009ರಲ್ಲಿ ತೋರಿಸಿತು. ಮ್ಯಾನೆಬ್ ಕುರಿತ ಮಾತನ್ನು ಮ್ಯಾಂಕೋಜೆಬ್‌ಗೆ ಹಾಗೆಯೇ ಅಂಟಿಸುವುದು ಸರಿಯಲ್ಲ. ಪುಡಿಯನ್ನು ಕಲಸುವಾಗ ಮಾಸ್ಕ್ ತೆಗೆಯಬಹುದು ಎಂದು ಬರೆಯುವುದೂ ಸರಿಯಲ್ಲ.

ಈ ಕಿಟ್ಟಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟ ಕೊರತೆ ಬೇರೆ. ಜೂನ್ ತಿಂಗಳಿನಲ್ಲಿ ನಮ್ಮ ಯುವಕನ ಹೆಂಡತಿ ಐದು ತಿಂಗಳ ಬಸುರಿಯಾಗಿದ್ದಳು. ಆತ ಸಂಜೆ ಏಪ್ರನ್ ಬಿಚ್ಚಿ, ಒಳಗಿನ ಒದ್ದೆ ಅಂಗಿಯಲ್ಲೇ ಮನೆಗೆ ಹೋಗುತ್ತಿದ್ದ. ಆಕೆ ಅದನ್ನು ಮನೆಯವರ ಉಳಿದ ಬಟ್ಟೆಗಳ ಜೊತೆಯಲ್ಲಿ ಬಚ್ಚಲಿನಲ್ಲಿ ನೆನೆಹಾಕಿ ಬರಿಗೈಯಲ್ಲಿ ಒಗೆಯುತ್ತಿದ್ದಳು. ಇದು ನನಗೆ ಗೊತ್ತಾದದ್ದು ಅಕಸ್ಮಾತ್ತಾಗಿ, ಆಗ ಹಂಗಾಮು ಅರ್ಧ ಮುಗಿದಿತ್ತು. ಕಿಟ್ ತಂದುಕೊಟ್ಟ ನಾನು ಗದ್ದೆಯ ಅಂಚಿನವರೆಗೆ ಮಾತ್ರ ಯೋಚಿಸಿದ್ದೆ.

ಹುಟ್ಟುವ ಮೊದಲಿನ ಮಿದುಳಿನ ಬಗ್ಗೆ ನಡೆದ ಸಂಶೋಧನೆಗಳು ಹೇಳುವುದು ಇಂಥ ಸಣ್ಣ ಪ್ರಮಾಣಗಳ ಬಗ್ಗೆಯೇ. ಕ್ಲೋರ್‌ಪೈರಿಫಾಸ್ ಸೇರಿದಂತೆ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಕೊಲ್ಲುವುದು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕಿ. ನರದಿಂದ ನರಕ್ಕೆ ಹೋದ ಸಂದೇಶವನ್ನು ಅಳಿಸುವ ಕಿಣ್ವ ಅದು, ಹುಳುವಿಗೂ ನಮಗೂ ಒಂದೇ. ವಯಸ್ಕರಲ್ಲಿ ಅತಿಯಾದರೆ ಜೊಲ್ಲು, ಬೆವರು, ಕಿರಿದಾದ ಕಣ್ಣಿನ ಪಾಪೆ, ಮಾಂಸಖಂಡಗಳ ಅದುರು ಕಾಣಿಸಿಕೊಳ್ಳುತ್ತವೆ. ಗರ್ಭದಲ್ಲಿರುವ ಮಗುವಿಗೆ ಅಷ್ಟು ಪ್ರಮಾಣ ಬೇಕಾಗಿಲ್ಲ. ನರಕೋಶಗಳು ಹುಟ್ಟಿ, ತಮ್ಮ ಜಾಗಕ್ಕೆ ಸರಿದು, ಒಂದಕ್ಕೊಂದು ಬೆಸೆದುಕೊಳ್ಳುವ ಕಾಲ ಅದು, ಆ ಬೆಸುಗೆಗೂ ಇದೇ ಸಂದೇಶವಾಹಕಗಳು ಬೇಕು. ಮೇಲಾಗಿ ಈ ವಿಷವನ್ನು ಒಡೆದುಹಾಕುವ ಪ್ಯಾರಾಕ್ಸೊನೇಸ್ ಎಂಬ ಕಿಣ್ವ ನವಜಾತ ಶಿಶುವಿನಲ್ಲಿ ತಾಯಿಗಿಂತ ಬಹಳ ಕಡಿಮೆ ಇರುತ್ತದೆ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆಯ ಕೃಷಿ ಕಾರ್ಮಿಕ ಕುಟುಂಬಗಳಲ್ಲಿ, ಬಸಿರಿನ ಕಾಲದಲ್ಲಿ ತಾಯಿಯ ಮೂತ್ರದಲ್ಲಿ ಈ ವಿಷದ ಗುರುತು ಅತಿ ಹೆಚ್ಚಿದ್ದ ಐದನೇ ಒಂದು ಭಾಗದವರ ಮಕ್ಕಳು, ಅತಿ ಕಡಿಮೆ ಇದ್ದವರ ಮಕ್ಕಳಿಗಿಂತ ಏಳನೆಯ ವಯಸ್ಸಿನಲ್ಲಿ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸರಾಸರಿ 7 ಅಂಕ ಹಿಂದಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದವರು ನ್ಯೂಯಾರ್ಕ್ ನಗರದಲ್ಲಿ ನೋಡಿದ ತಾಯಂದಿರು ಹೊಲವನ್ನೇ ತುಳಿದವರಲ್ಲ, ಮನೆಯೊಳಗೆ ಜಿರಳೆಗೆ ಹೊಡೆದ ಔಷಧಿಯಿಂದ ಕ್ಲೋರ್‌ಪೈರಿಫಾಸ್ ಅವರ ಹೊಕ್ಕುಳಬಳ್ಳಿಯ ರಕ್ತಕ್ಕೆ ಬಂದಿತ್ತು. ಅದು ಹೆಚ್ಚಿದ್ದಷ್ಟೂ ಏಳು ವರ್ಷದ ಮಕ್ಕಳ ಕೆಲಸದ ನೆನಪು (ಒಂದು ಕೆಲಸ ಮಾಡುವಷ್ಟು ಹೊತ್ತು ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ) ಕಡಿಮೆಯಿತ್ತು. 2012ರಲ್ಲಿ ಅವರಲ್ಲಿ 40 ಮಕ್ಕಳ ಮಿದುಳನ್ನು ಎಂ.ಆರ್.ಐ.ನಲ್ಲಿ ನೋಡಿದಾಗ ಹೊರಪದರದ ರಚನೆಯಲ್ಲೂ ವ್ಯತ್ಯಾಸಗಳು ಕಂಡವು. ವಿಷವೇರಿ ಆಸ್ಪತ್ರೆ ಸೇರಿದ ತಾಯಂದಿರ ಕಥೆಯಲ್ಲ ಇದು.

ಅಂದಿನಿಂದ ನಾವು ಮಾಡಿದ ವ್ಯವಸ್ಥೆಗೆ ಕಿಟ್ಟಿನಿಂದ ಏನೂ ಸಹಾಯವಾಗಲಿಲ್ಲ. ನಮ್ಮ ಕೊಟ್ಟಿಗೆಯ ಪಕ್ಕದಲ್ಲಿ ಒಂದು ನಲ್ಲಿ, ಒಂದು ಕೆಂಪು ಬಕೆಟ್, ಒಂದು ಜೊತೆ ಬದಲಿ ಬಟ್ಟೆ ಇಟ್ಟೆವು. ಔಷಧಿ ಹೊಡೆದ ದಿನ ನಮ್ಮ ಯುವಕ ಅಲ್ಲಿಯೇ ಹಂಡೆಯ ಬಿಸಿನೀರಿನಲ್ಲಿ ಸೋಪು ಹಚ್ಚಿ ಮಿಂದು, ತನ್ನ ಬಟ್ಟೆಯನ್ನು ಕೈಗವಸು ಹಾಕಿಕೊಂಡೇ ಬೇರೆಯಾಗಿ ಒಗೆದು, ಬೇರೆ ಬಟ್ಟೆಯಲ್ಲಿ ಮನೆಗೆ ಹೋಗುತ್ತಾನೆ. ಆತನ ಹೆಂಡತಿ ನೀರು ತುಂಬಿಸಿಕೊಡಲು ಗದ್ದೆಗೆ ಬರುವುದನ್ನು ಪೂರ್ತಿ ನಿಲ್ಲಿಸಿದೆವು. ಕಿಟ್ ಮಾಡುವವರು ಬಿಗಿಯಾಗಿ ಕಟ್ಟುವ ಒಂದು ಚೀಲವನ್ನು, ಈ ಬಟ್ಟೆಯನ್ನು ಮನೆಯ ಬಟ್ಟೆಯ ಜೊತೆ ಸೇರಿಸಬೇಡಿ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಸೇರಿಸಲಿ ಎಂದು ಕಂಪನಿಗೆ ಪತ್ರ ಬರೆದಿದ್ದೇನೆ.

ಊರಿನಲ್ಲಿ ಈ ವಿಷಯ ಎತ್ತಿದಾಗ ನನಗೆ ಸಿಗುವ ಉತ್ತರ, "ಅದು ಎಂಡೋಸಲ್ಫಾನ್ ಕಾಲದ ಮಾತು, ಈಗ ಬಂದ್ ಆಗಿದೆಯಲ್ಲ" ಎಂಬುದು. ಘಟ್ಟದ ಕೆಳಗೆ ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು, ನಿಜ. ಶುಂಠಿಗೂ ಭತ್ತಕ್ಕೂ ಹರಳಿನ ರೂಪದಲ್ಲಿ ಎರಚುತ್ತಿದ್ದ ಫೋರೇಟ್ 2020ರ ಕೊನೆಗೆ ನಿಂತಿತು. ಆದರೆ ಕ್ಲೋರ್‌ಪೈರಿಫಾಸ್ ಮತ್ತು ಪ್ಯಾರಾಕ್ವಾಟ್ ಅಂಗಡಿಯಲ್ಲಿ ಇವೆ. ಯುರೋಪ್ ಒಕ್ಕೂಟದಲ್ಲಿ ಪ್ಯಾರಾಕ್ವಾಟ್ 2007ರಿಂದ, ಕ್ಲೋರ್‌ಪೈರಿಫಾಸ್ 2020ರಿಂದ ಇಲ್ಲ. ಬಹುಕಾಲ ಅಳಿಯದೆ ಉಳಿಯುವ ವಿಷಗಳನ್ನು ನಿಲ್ಲಿಸಲು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು 2025ರ ಮೇ ತಿಂಗಳಿನಲ್ಲಿ ಕ್ಲೋರ್‌ಪೈರಿಫಾಸ್ ಅನ್ನು ಕೆಲವು ವಿನಾಯಿತಿಗಳೊಂದಿಗೆ ನಿರ್ಮೂಲನದ ಪಟ್ಟಿಗೆ ಸೇರಿಸಿದವು.

ಇದಕ್ಕೆ ವಿರುದ್ಧದ ಎಚ್ಚರವನ್ನೂ ನಮ್ಮ ಜಿಲ್ಲೆಯೇ ಕಲಿಸಿದೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕೂಲಿಗಳ ಸೊಂಟ, ಮೊಣಕಾಲುಗಳ ಕೀಲು ಸವೆದು ಕುಳಿತಲ್ಲೇ ಆದಾಗ, ಔಷಧಿ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವೆಂದು ಬಲವಾಗಿ ಶಂಕಿಸಲಾಗಿತ್ತು. ಮುಂದೆ ಕುಟುಂಬಗಳನ್ನು ತಲೆಮಾರುಗಳವರೆಗೆ ಪರಿಶೀಲಿಸಿದಾಗ ಅದು ವಂಶಪಾರಂಪರ್ಯವಾಗಿ ಬರುವ ಮೂಳೆಯ ಕಾಯಿಲೆ ಎಂದು ತಿಳಿಯಿತು. ನನ್ನ ವಿದ್ಯಾರ್ಥಿಗಳಿಗೆ ಈ ಉದಾಹರಣೆಯನ್ನು ಹೇಳುತ್ತಿದ್ದೆ, ಈಗ ನನಗೇ ಹೇಳಿಕೊಳ್ಳುತ್ತೇನೆ.

ಕಿಟ್ ನಿಜವಾಗಿ ಕೆಲಸ ಮಾಡಿತೇ ಎಂದು ತಿಳಿಯಲು ರಕ್ತದಲ್ಲಿನ ಕೋಲಿನೆಸ್ಟರೇಸ್ (ಆರ್ಗನೋಫಾಸ್ಫೇಟ್ ಕಟ್ಟಿಹಾಕುವ ಕಿಣ್ವ) ಪರೀಕ್ಷೆಯನ್ನು ಹಂಗಾಮಿಗೆ ಮೊದಲು ಒಮ್ಮೆ, ಶುಂಠಿಗೆ ಕೊನೆಯ ಸಲ ಹೊಡೆದ ಮರುದಿನ ಒಮ್ಮೆ ಇಬ್ಬರೂ ಮಾಡಿಸಿಕೊಂಡೆವು. ಸಹಜ ಮಟ್ಟ ಒಬ್ಬರಿಂದೊಬ್ಬರಿಗೆ ಬಹಳ ವ್ಯತ್ಯಾಸವಾಗುವುದರಿಂದ ಒಂದೇ ಸಲದ ಅಂಕಿಯಿಂದ ಏನೂ ತಿಳಿಯದು. ತನ್ನದೇ ಹಿಂದಿನ ಮಟ್ಟದೊಂದಿಗೆ ಹೋಲಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಈ ಮಟ್ಟ ಶೇಕಡಾ 80ಕ್ಕಿಂತ ಕೆಳಗಿಳಿದರೆ ಕೆಲಸದ ರೀತಿಯನ್ನು ಪರಿಶೀಲಿಸಬೇಕು, ಕೆಂಪು ರಕ್ತಕಣದ ಕಿಣ್ವ ಶೇಕಡಾ 70ಕ್ಕೆ ಇಳಿದರೆ ಕಾರ್ಮಿಕನನ್ನು ಆ ಕೆಲಸದಿಂದಲೇ ತೆಗೆಯಬೇಕು ಎಂಬ ನಿಯಮವಿದೆ. ನಮ್ಮಿಬ್ಬರದೂ ಶೇಕಡಾ 90ಕ್ಕಿಂತ ಮೇಲೆಯೇ ಉಳಿದಿತ್ತು. ಇದರ ಶ್ರೇಯ ಬೇರೆಯಾಗಿ ತಂದ ಕೈಗವಸಿಗೆ ಎಷ್ಟು, ಕಿಟ್ಟಿಗೆ ಎಷ್ಟು ಎಂದು ಭಾಗ ಮಾಡಲಾಗದು. ಪ್ಯಾರಾಕ್ವಾಟ್‌ನ ವಿಷಯದಲ್ಲಂತೂ ಈ ಪರೀಕ್ಷೆ ಏನನ್ನೂ ಹೇಳುವುದಿಲ್ಲ, ಅದು ಈ ಕಿಣ್ವವನ್ನು ಮುಟ್ಟುವುದೇ ಇಲ್ಲ.

ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು ರೂಪಿಸಿ 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಕಿಸಾನ್ ಕವಚ್ ಎಂಬ ಉಡುಪಿನ ಬಗ್ಗೆ ಕೆಲವರು ಕೇಳಿದ್ದಾರೆ. ಅದನ್ನು ನಾನು ಬಳಸಿಲ್ಲ. ಅದರ ಬಟ್ಟೆ ವಿಷವನ್ನು ತಡೆಯುವುದಷ್ಟೇ ಅಲ್ಲ, ತಾಗಿದ ಆರ್ಗನೋಫಾಸ್ಫೇಟ್ ಅಣುವನ್ನು ಒಡೆದುಹಾಕುತ್ತದೆ. ಇದೇ ತತ್ತ್ವದ ಮುಲಾಮನ್ನು ಆ ತಂಡ 2018ರಲ್ಲೇ ಪ್ರಕಟಿಸಿತ್ತು. ಬಿಡುಗಡೆಯ ಸಮಯದಲ್ಲಿ ಬೆಲೆ 4,000 ರೂಪಾಯಿ ಎಂದಿದ್ದರು, ಒಗೆದು ಒಂದು ವರ್ಷದವರೆಗೆ ಬಳಸಬಹುದು ಎಂದಿದ್ದರು. ಅಂಗಿಯೇ ಮನೆಗೆ ವಿಷ ಹೊತ್ತು ತರುವ ನಮ್ಮಂಥ ಕಡೆ ಅಂಗಿಯೇ ವಿಷವನ್ನು ಮುರಿಯುವುದು ಸರಿಯಾದ ಯೋಚನೆ ಎಂದು ನನಗೆ ಅನ್ನಿಸುತ್ತದೆ.

ಅಂಗಡಿಯ ಸೇವೆಯ ಬಗ್ಗೆ ಎರಡು ಮಾತು. ಕೊಳ್ಳುವಾಗ ಮಾಸ್ಕನ್ನು ಮುಖಕ್ಕೆ ಹಿಡಿದು ನೋಡಲು ಬಿಟ್ಟರು, ಅದಕ್ಕೆ ಕೃತಜ್ಞ. ಆಗಸ್ಟ್‌ನಲ್ಲಿ ಕಾರ್ಟ್ರಿಡ್ಜ್ ಕೇಳಲು ಹೋದಾಗ ಬಿಡಿಯಾಗಿ ಬರುವುದಿಲ್ಲ, ಹೊಸ ಕಿಟ್ಟನ್ನೇ ತೆಗೆದುಕೊಳ್ಳಿ ಎಂದರು. ಕೊನೆಗೆ ಬಣ್ಣದಂಗಡಿಯಲ್ಲಿ ಸ್ಪ್ರೇ ಪೇಂಟ್ ಮಾಡುವವರಿಗೆಂದು ಇಟ್ಟಿದ್ದ, ಇದೇ ತಿರುಪಿಗೆ ಕೂರುವ, ಸಾವಯವ ಆವಿ ಮತ್ತು ಸೂಕ್ಷ್ಮ ಕಣ ಎರಡನ್ನೂ ತಡೆಯುವ ಒಂದು ಜೊತೆ ಕಾರ್ಟ್ರಿಡ್ಜ್ 420 ರೂಪಾಯಿಗೆ ಸಿಕ್ಕಿತು. ಮುಂದಿನ ಏಪ್ರಿಲ್‌ನಲ್ಲಿ ಇಡೀ ಕಿಟ್ಟನ್ನು ಮತ್ತೆ ಕೊಳ್ಳುವುದಿಲ್ಲ. ಮಾಸ್ಕ್ ಇನ್ನೂ ಗಟ್ಟಿಯಾಗಿದೆ, ಕಾರ್ಟ್ರಿಡ್ಜ್ ಎರಡು ಜೊತೆ ಸಾಕು. ತೋಳೂ ಬೆನ್ನೂ ಮುಚ್ಚುವ ಕೋಟನ್ನು ತೀರ್ಥಹಳ್ಳಿಯ ದರ್ಜಿಯೊಬ್ಬರು ಟಾರ್ಪಾಲಿನ ತೆಳು ಬಟ್ಟೆಯಲ್ಲಿ ಹೊಲಿದುಕೊಡಲು ಒಪ್ಪಿದ್ದಾರೆ. ಪ್ಯಾರಾಕ್ವಾಟ್ ತರುವುದನ್ನು ಈ ವರ್ಷವೇ ಬಿಟ್ಟಿದ್ದೇವೆ, ತೋಟದ ಕಳೆಗೆ ಕೊಚ್ಚುವ ಯಂತ್ರವನ್ನು ದಿನದ ಬಾಡಿಗೆಗೆ ತರುತ್ತಿದ್ದೇವೆ. ನೈಟ್ರೈಲ್ ಕೈಗವಸು ಹನ್ನೆರಡು ಜೊತೆ ಬರೆದುಕೊಂಡಿದ್ದೇನೆ, ನನಗೆ ಒಂಬತ್ತನೆಯ ಅಳತೆ, ನಮ್ಮ ಯುವಕನಿಗೆ ಎಂಟನೆಯದು. ಮೊದಲ ಸಲ ಇಬ್ಬರಿಗೂ ಒಂದೇ ಅಳತೆ ತಂದಿದ್ದೆ, ಸಡಿಲವಾದ ಬೆರಳಿನಲ್ಲಿ ಅಳತೆಯ ಮುಚ್ಚಳ ಹಿಡಿಯಲಾಗದೆ ಆತ ಎರಡು ಸಲ ಕೈಗವಸು ತೆಗೆದಿಟ್ಟು ಔಷಧಿ ಸುರಿದದ್ದನ್ನು ನಾನು ನೋಡಿದ್ದೆ.